ಪ್ರತ್ಯಕ್ಷವಾಗಿ ಕಂಡರೂ...

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮಲ್ಲಿ ಮನೆಮನೆಯ ಗಾದೆ. ಎತ್ತು ಕೊಳ್ಳುವಾಗ, ಬೀಗತನ ಬೆಳೆಸುವಾಗ, ಊರಿನಲ್ಲಿ ಯಾರ ಮೇಲಾದರೂ ಅಪವಾದ ಹುಟ್ಟಿದಾಗ ಹಿರಿಯರು ಈ ಮಾತನ್ನು ಹೇಳದೆ ಬಿಡುತ್ತಿರಲಿಲ್ಲ. ಕೇಳಿ ಕೇಳಿ ಸವೆದ ಮಾತಾದುದರಿಂದ ಅದರೊಳಗಿನ ವಿಚಿತ್ರವನ್ನು ನಾವು ಗಮನಿಸುವುದಿಲ್ಲ. ನಮ್ಮ ದರ್ಶನಗಳಲ್ಲಿ ಪ್ರತ್ಯಕ್ಷವು ಪ್ರಮಾಣಗಳ ಪೈಕಿ ಮೊದಲನೆಯದು. ಅನುಮಾನವನ್ನೂ ಶಬ್ದವನ್ನೂ ತಳ್ಳಿಹಾಕುವ ಚಾರ್ವಾಕರು ಕೂಡ ಪ್ರತ್ಯಕ್ಷವನ್ನು ಒಪ್ಪುತ್ತಾರೆ. ಉಳಿದುದನ್ನೆಲ್ಲ ಅಳೆಯುವ ಕೊಳಗವದು. ಆ ಕೊಳಗವನ್ನೇ ಅಳೆದು ನೋಡು ಎನ್ನುತ್ತದೆ ನಮ್ಮ ಗಾದೆ. ಯಾವುದರಿಂದ ಅಳೆಯಬೇಕು? ತರ್ಕಶಾಸ್ತ್ರ ಓದಿದ ಪಂಡಿತನಿಗಿಂತ ಈ ಗಾದೆಯನ್ನು ಕಟ್ಟಿದ ಹೆಸರಿಲ್ಲದ ಹಿರಿಯಳೇ ಒಂದು ಹೆಜ್ಜೆ ಮುಂದೆ ಹೋಗಿದ್ದಾಳೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಪ್ರಶ್ನೆಯನ್ನು ನನ್ನೆದುರು ಹೊಸದಾಗಿ ತಂದಿಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಇಂಗ್ಲೆಂಡಿನ ಒಂದು ಅಪರಾಧ ಧಾರಾವಾಹಿ. ಧಾರಾವಾಹಿಯೆಂದೊಡನೆ ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಮಠದ ಪಾಠಶಾಲೆಯಲ್ಲಿ ಬೆಳೆದು, ಬದುಕೆಲ್ಲ ತಾಳೆಗರಿಗಳ ನಡುವೆ ಕಳೆದವನಿಗೆ ಇದೇನು ಹೊಸ ಹುಚ್ಚು ಎನ್ನಲೂಬಹುದು. ನಮ್ಮ ಮನೆಗಳಲ್ಲಿ ಸಂಜೆ ಏಳಾಯಿತೆಂದರೆ ಆರಂಭವಾಗುವ ಅತ್ತೆ-ಸೊಸೆಯರ ಕಲಹ, ಒಂದೊಂದು ನೋಟಕ್ಕೂ ಮೂರು ಸಲ ಗುಡುಗುವ ವಾದ್ಯ, ಇವುಗಳ ಬಗ್ಗೆ ನನಗೂ ಒಲವಿಲ್ಲ. ಆದರೆ ನನ್ನ ಮಗಳು ಧಾರವಾಡದಲ್ಲಿ ವಕೀಲಳು; ಕ್ರಿಮಿನಲ್ ಮೊಕದ್ದಮೆಗಳನ್ನೇ ಹೆಚ್ಚಾಗಿ ನಡೆಸುವವಳು. ಒಂದು ದಿನ ಅವಳು, “ಅಪ್ಪಾಜಿ, ನೀವು ಹೇಳುವ ಹಗ್ಗ-ಹಾವಿನ ಕಥೆಯನ್ನೇ ಇವರು ಪೊಲೀಸ್ ಠಾಣೆಯಲ್ಲಿ ಇಟ್ಟು ತೆಗೆದಿದ್ದಾರೆ, ನೋಡಿರಿ” ಎಂದು ತನ್ನ ಗಣಕಯಂತ್ರವನ್ನು ಮುಂದಿಟ್ಟಳು. ಇಂಗ್ಲಿಷ್ ಮಾತು ನನಗೆ ಅರ್ಧ ತಿಳಿಯಿತು, ಉಳಿದುದನ್ನು ಅವಳು ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಆರು ಕಂತುಗಳನ್ನು ನಾಲ್ಕು ರಾತ್ರಿಗಳಲ್ಲಿ ಮುಗಿಸಿದೆವು.

ಧಾರಾವಾಹಿಯ ಹೆಸರು ‘ದಿ ಕ್ಯಾಪ್ಚರ್’. ಬರೆದು ನಿರ್ದೇಶಿಸಿದವನು ಬೆನ್ ಚಾನನ್. ಬಿಬಿಸಿಯಲ್ಲಿ ಇದರ ಮೊದಲ ಸರಣಿ 2019ರ ಸೆಪ್ಟೆಂಬರಿನಲ್ಲಿ ಪ್ರಸಾರವಾಯಿತು. ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಇದರ ಬಗ್ಗೆ ಏನನ್ನೂ ಹೇಳಲಾಗುವುದಿಲ್ಲ. ನೋಡಬೇಕೆಂದಿರುವವರು ನನ್ನನ್ನು ಕ್ಷಮಿಸಬೇಕು.

ಶಾನ್ ಎಮರಿಯೆಂಬ ತರುಣನು ಬ್ರಿಟಿಷ್ ಸೈನಿಕ. ಅಫಘಾನಿಸ್ತಾನದ ಹೆಲ್ಮಂಡ್ ಪ್ರಾಂತದಲ್ಲಿ ನಿರಾಯುಧನಾದ ಶತ್ರುವೊಬ್ಬನನ್ನು ಕೊಂದನೆಂದು ಅವನಿಗೆ ಶಿಕ್ಷೆಯಾಗಿದೆ. ಸೈನಿಕನ ಶಿರಸ್ತ್ರಾಣಕ್ಕೆ ಕಟ್ಟಿದ್ದ ಕ್ಯಾಮೆರಾದ ಚಿತ್ರವೇ ಅದಕ್ಕೆ ಸಾಕ್ಷಿ. ಮೇಲ್ಮನವಿಯಲ್ಲಿ ತಜ್ಞನೊಬ್ಬನು ಆ ಚಿತ್ರದಲ್ಲಿ ಶಬ್ದಕ್ಕೂ ದೃಶ್ಯಕ್ಕೂ ಕ್ಷಣಮಾತ್ರದ ಅಂತರವಿದೆಯೆಂದು ತೋರಿಸಿಕೊಡುತ್ತಾನೆ. ಗುಂಡು ಮೊದಲೋ ಕೂಗು ಮೊದಲೋ ಎಂಬುದೇ ಅನಿಶ್ಚಿತವಾದಾಗ ಶಿಕ್ಷೆ ನಿಲ್ಲುವುದೆಂತು? ಶಾನ್ ಬಿಡುಗಡೆಯಾಗುತ್ತಾನೆ. ಮನೆಯಲ್ಲಿ ಅವನ ಪುಟ್ಟ ಮಗಳಿದ್ದಾಳೆ, ಅವಳೊಡನೆ ಬಾಳುವ ಆಸೆಯಿದೆ. ಬಿಡುಗಡೆಯಾದ ರಾತ್ರಿ ಅವನು ತನ್ನ ಪರ ವಾದಿಸಿದ ವಕೀಲೆ ಹನ್ನಾ ರಾಬರ್ಟ್ಸಳನ್ನು ಬೀದಿಯ ಬಸ್ ನಿಲ್ದಾಣದಲ್ಲಿ ಬೀಳ್ಕೊಡುತ್ತಾನೆ. ಅವಳು ಬಸ್ಸನ್ನೇರಿ ಹೋದಳು, ಇಷ್ಟು ಅವನ ನೆನಪು. ಆದರೆ ಬೀದಿಯ ಕಂಬದ ಮೇಲಿನ ಕ್ಯಾಮೆರಾ ಬೇರೆಯದನ್ನು ಕಂಡಿದೆ. ಅದರಲ್ಲಿ ಅವನು ಅವಳನ್ನು ಹೊಡೆಯುತ್ತಾನೆ, ಎಳೆದೊಯ್ಯುತ್ತಾನೆ. ಹನ್ನಾ ಕಾಣೆಯಾಗುತ್ತಾಳೆ. ಪೊಲೀಸರು ಅವನಿಗೆ ಆ ಚಿತ್ರವನ್ನು ತೋರಿಸಿದಾಗ ಅವನು ತನ್ನದೇ ಮುಖವನ್ನು, ತನ್ನದೇ ಅಂಗಿಯನ್ನು, ತಾನು ಮಾಡದ ಕೃತ್ಯದಲ್ಲಿ ನೋಡುತ್ತಾನೆ. ಕ್ಯಾಲಮ್ ಟರ್ನರ್ ಎಂಬ ನಟನು ಆ ಕ್ಷಣವನ್ನು ಬಹಳ ಸಂಯಮದಿಂದ ಅಭಿನಯಿಸಿದ್ದಾನೆ. ಅವನು ಕೂಗಾಡುವುದಿಲ್ಲ. ಮೊದಲು ತನ್ನನ್ನೇ ತಾನು ಸಂಶಯಿಸುತ್ತಾನೆ. ನಾನು ಅವನೇ ಇರಬಹುದೇ ಎಂಬ ಆ ಸಂಶಯದ ಮೌನವನ್ನು ನೋಡುವಾಗ ನನ್ನ ಮೈ ಜುಮ್ಮೆಂದಿತು.

ತನಿಖೆಗೆ ಬರುವ ಅಧಿಕಾರಿ ರೇಚಲ್ ಕ್ಯಾರಿ. ಹಾಲಿಡೇ ಗ್ರೇಂಜರ್ ಈ ಪಾತ್ರ ವಹಿಸಿದ್ದಾಳೆ. ಚತುರೆ, ಮಹತ್ವಾಕಾಂಕ್ಷಿ, ಮೊದಮೊದಲು ಚಿತ್ರವನ್ನು ಪೂರ್ತಿಯಾಗಿ ನಂಬಿದವಳು. ಆದರೆ ದೃಶ್ಯದ ನಡುವೆ ಒಂದು ಬಸ್ಸು ಕ್ಯಾಮೆರಾದ ಮುಂದೆ ಹಾದುಹೋಗುತ್ತದೆ. ಒಂದೆರಡು ಕ್ಷಣ ಅದರ ಕೆಂಪು ಮೈ ಎಲ್ಲವನ್ನೂ ಮರೆಮಾಡುತ್ತದೆ. ಆ ಮರೆಯ ಮುಂಚಿನದು ಸತ್ಯ, ಮರೆಯ ಅನಂತರದ್ದು ಸೃಷ್ಟಿ. ನೋಡುವವರು ತಮ್ಮ ಕಣ್ಣೆದುರೇ ನಡೆಯುತ್ತಿದೆಯೆಂದು ನಂಬಿದ್ದರಲ್ಲಿ ಅರ್ಧ ಯಾರೋ ಮೊದಲೇ ಹೊಂದಿಸಿಟ್ಟ ಆಟ. ನಮ್ಮ ಬಯಲಾಟದಲ್ಲಿ ಪಾತ್ರಧಾರಿ ತೆರೆಯ ಹಿಂದೆ ವೇಷ ಬದಲಿಸುತ್ತಾನೆ. ಇಲ್ಲಿ ಬಸ್ಸೇ ತೆರೆ.

ಇಲ್ಲಿಗೆ ನಿಲ್ಲಿಸಿ ಪಾಠಶಾಲೆಯ ಒಂದು ಮಾತನ್ನು ಹೇಳಬೇಕು. ತರ್ಕಸಂಗ್ರಹವನ್ನು ನಮಗೆ ಹೇಳಿಕೊಡುತ್ತಿದ್ದ ಗುರುಗಳು ಪ್ರತ್ಯಭಿಜ್ಞೆಯ ಪ್ರಕರಣ ಬಂದಾಗ ‘ಸೋಯಂ ದೇವದತ್ತಃ’ ಎಂಬ ಪ್ರಸಿದ್ಧ ಉದಾಹರಣೆಯನ್ನು ಕೊಟ್ಟು ಒಂದು ವಾರ ಅಲ್ಲೇ ನಿಲ್ಲಿಸಿಬಿಟ್ಟಿದ್ದರು. ‘ಅವನೇ ಈ ದೇವದತ್ತ’ ಎನ್ನುವಾಗ ‘ಈ’ ಎಂಬುದು ಕಣ್ಣಿಗೆ ಕಾಣುತ್ತಿರುವುದು. ‘ಅವನು’ ಎಂಬುದು ಎಂದೋ ಕಂಡು ಸಂಸ್ಕಾರವಾಗಿ ಉಳಿದದ್ದು. ಒಂದು ಪ್ರತ್ಯಕ್ಷ, ಇನ್ನೊಂದು ಸ್ಮೃತಿ. ಇವೆರಡನ್ನೂ ಬೆಸೆಯುವ ‘ಏ’ಕಾರವಿದೆಯಲ್ಲ, ಅವನೇ ಎಂಬಲ್ಲಿಯ ‘ಏ’, ಅದು ಎಲ್ಲಿಂದ ಬಂತು ಎಂದು ಅವರು ನಮ್ಮನ್ನು ಕೇಳುತ್ತಿದ್ದರು. ಕಣ್ಣು ಕೊಟ್ಟಿತೋ, ನೆನಪು ಕೊಟ್ಟಿತೋ, ಅಥವಾ ನಮ್ಮ ಆತುರ ಕೊಟ್ಟಿತೋ? ಹದಿನೈದು ವರ್ಷದ ಹುಡುಗರಾದ ನಮಗೆ ಇದು ಕೂದಲು ಸೀಳುವ ಕೆಲಸವಾಗಿ ತೋರುತ್ತಿತ್ತು. ಊಟದ ಗಂಟೆ ಯಾವಾಗ ಬಾರಿಸುತ್ತದೆಯೆಂದು ಕಿವಿಗೊಟ್ಟು ಕುಳಿತಿರುತ್ತಿದ್ದೆವು. ಈಗ ಲಂಡನ್ನಿನ ಬೀದಿಯ ಕಥೆಯನ್ನು ನೋಡುವಾಗ ಆ ಪಾಠದ ಬೆಲೆ ತಿಳಿಯುತ್ತದೆ. ಕ್ಯಾಮೆರಾ ‘ಈ’ ಎಂಬುದನ್ನು ಮಾತ್ರ ಕೊಡುತ್ತದೆ. ಅದಕ್ಕೆ ‘ಅವನು’ ಎಂಬುದು ಗೊತ್ತಿಲ್ಲ. ‘ಅವನೇ ಇವನು’ ಎಂಬ ಬೆಸುಗೆಯನ್ನು ಹಾಕುವವರು ನಾವು. ಒಳಸಂಚು ಮಾಡುವವನು ಯಂತ್ರವನ್ನಷ್ಟೇ ಕೆಡಿಸುವುದಿಲ್ಲ, ಈ ಬೆಸುಗೆಯ ಜಾಗವನ್ನು ಹುಡುಕಿಕೊಂಡು ಬಂದು ಅಲ್ಲಿ ಕೂರುತ್ತಾನೆ.

ಇದು ಕಟ್ಟುಕಥೆಯ ಭಯವೆಂದು ತಳ್ಳಿಹಾಕುವಂತಿಲ್ಲ. ಅದೇ ಲಂಡನ್ನಿನಲ್ಲಿ ಯಾವ ಕ್ಯಾಮೆರಾವೂ ಇಲ್ಲದ ಕಾಲದಲ್ಲಿ ಅಡಾಲ್ಫ್ ಬೆಕ್ ಎಂಬವನಿಗೆ ಆದುದನ್ನು ನೋಡಿರಿ. ಅವನು ನಾರ್ವೆ ಮೂಲದವನು. 1895ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಬೀದಿಯಲ್ಲಿ ಒಬ್ಬ ಹೆಂಗಸು ಅವನನ್ನು ತಡೆದು, ಶ್ರೀಮಂತನ ಸೋಗು ಹಾಕಿ ನನ್ನ ಒಡವೆಗಳನ್ನು ಲಪಟಾಯಿಸಿದವನು ಇವನೇ ಎಂದಳು. ಆಮೇಲೆ ಒಬ್ಬರ ಹಿಂದೊಬ್ಬರಂತೆ ಹಲವು ಹೆಂಗಸರು ಬಂದು ‘ಇವನೇ’ ಎಂದು ಬೆರಳು ತೋರಿಸಿದರು. 1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನಿಂದ ಇಂಥದೇ ಮೋಸ ಮಾಡಿ ಶಿಕ್ಷೆಗೊಳಗಾದವನು ಈತನೇ ಎಂದು ಹಳೆಯ ಪೊಲೀಸನೊಬ್ಬನು ಪ್ರಮಾಣ ಮಾಡಿ ಹೇಳಿದನು. ಆ ಹಳೆಯ ಶಿಕ್ಷೆಯ ಕಾಲದಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆನೆಂದು ಬೆಕ್ ಹೇಳಿದ್ದು ವ್ಯರ್ಥವಾಯಿತು. 1896ರಲ್ಲಿ ಏಳು ವರ್ಷಗಳ ಶಿಕ್ಷೆಯಾಯಿತು. ಸೆರೆಮನೆಯಲ್ಲಿ ಅವನಿಗೆ ಸ್ಮಿತ್‌ನ ಹಳೆಯ ಸಂಖ್ಯೆಯನ್ನೇ ಕೊಟ್ಟು, ಮರಳಿ ಬಂದ ಅಪರಾಧಿಯೆಂದು ತೋರಿಸಲು ಅದಕ್ಕೊಂದು ಅಕ್ಷರವನ್ನು ಸೇರಿಸಿದರು. ಹೆಸರಿಗಿಂತ ಮೊದಲು ಅವನ ಸಂಖ್ಯೆಯೇ ಇನ್ನೊಬ್ಬನದಾಯಿತು. ಸ್ಮಿತ್‌ನ ದೇಹಲಕ್ಷಣಗಳು ಸೆರೆಮನೆಯ ಕಡತದಲ್ಲಿಯೇ ಇದ್ದವು. ಅವು ಬೆಕ್‌ಗೆ ಹೊಂದುತ್ತಿರಲಿಲ್ಲ. ಅದು ಅಧಿಕಾರಿಗಳ ಗಮನಕ್ಕೆ ಬಂದ ಮೇಲೂ ಅವನ ತಲೆಯ ಮೇಲಿದ್ದ ಶಿಕ್ಷೆಯನ್ನು ತೆಗೆಯಲಿಲ್ಲ.

1901ರಲ್ಲಿ ಹೊರಬಂದ ಅವನನ್ನು 1904ರಲ್ಲಿ ಮತ್ತೆ ಹಿಡಿದರು, ಮತ್ತೆ ಹೆಂಗಸರು ‘ಇವನೇ’ ಎಂದರು, ಮತ್ತೆ ಅಪರಾಧಿಯೆಂದು ತೀರ್ಮಾನವಾಯಿತು. ಅವನು ಒಳಗಿರುವಾಗಲೇ ಹೊರಗೆ ಅದೇ ಬಗೆಯ ಮೋಸ ಮಾಡುತ್ತಿದ್ದ ಒಬ್ಬನು ಸಿಕ್ಕಿಬಿದ್ದದ್ದರಿಂದ ಮಾತ್ರ ಸತ್ಯ ಹೊರಬಿತ್ತು. ಸರಕಾರ ಬೆಕ್‌ಗೆ 5,000 ಪೌಂಡು ಪರಿಹಾರ ಕೊಟ್ಟಿತು. 1907ರಲ್ಲಿ ಆ ದೇಶದಲ್ಲಿ ಕ್ರಿಮಿನಲ್ ಮೇಲ್ಮನವಿಯ ನ್ಯಾಯಾಲಯ ಹುಟ್ಟಲು ಈ ಪ್ರಕರಣವೂ ಒಂದು ಮುಖ್ಯ ಕಾರಣ. ಬೆಕ್ 1909ರಲ್ಲಿ ತೀರಿಕೊಂಡನು. ಇಲ್ಲಿ ಸಂಚು ಹೂಡಿದವರು ಯಾರೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಆ ಹೆಂಗಸರು ಸುಳ್ಳು ಹೇಳಲಿಲ್ಲ. ಒಬ್ಬಳು ‘ಇವನೇ’ ಎಂದಾಗ ಎರಡನೆಯವಳ ನೆನಪಿನ ಮುಖ ಕೊಂಚ ಬದಲಾಯಿತು, ಮೂರನೆಯವಳದು ಇನ್ನಷ್ಟು. ಹತ್ತು ಸಾಕ್ಷಿಗಳೆಂದರೆ ಹತ್ತು ಪಟ್ಟು ಸತ್ಯವೆಂದು ನಾವು ಎಣಿಸುತ್ತೇವೆ. ಕೆಲವೊಮ್ಮೆ ಅದು ಒಂದೇ ಭ್ರಮೆಯ ಹತ್ತು ಪ್ರತಿಗಳಾಗಿರುತ್ತದೆ.

ಗುರುತಿನ ಸಾಕ್ಷ್ಯದಿಂದ ಇಂಥ ಅನ್ಯಾಯಗಳು ಮತ್ತೆ ಮತ್ತೆ ನಡೆದ ಮೇಲೆ, 1976ರಲ್ಲಿ ಡೆವ್ಲಿನ್ ಸಮಿತಿಯ ವರದಿ ಬಂತು. ಅದೇ ವರ್ಷ ಟರ್ನ್‌ಬುಲ್ ಎಂಬ ಮೊಕದ್ದಮೆಯಲ್ಲಿ ಮೇಲ್ಮನವಿಯ ನ್ಯಾಯಾಲಯವು ಒಂದು ಕಟ್ಟಳೆ ಹಾಕಿತು. ಕೇವಲ ಗುರುತಿನ ಮೇಲೆ ನಿಂತ ಮೊಕದ್ದಮೆಗಳಲ್ಲಿ ನ್ಯಾಯಾಧೀಶನು ಜ್ಯೂರಿಯವರನ್ನು ಎಚ್ಚರಿಸಲೇಬೇಕು. ಸಾಕ್ಷಿಯು ಎಷ್ಟು ಹೊತ್ತು ನೋಡಿದನು, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ನಡುವೆ ಏನಾದರೂ ಅಡ್ಡ ಬಂದಿತ್ತೇ, ಮೊದಲೇ ಪರಿಚಯವಿತ್ತೇ, ನೋಡಿದ್ದಕ್ಕೂ ಗುರುತಿಸಿದ್ದಕ್ಕೂ ನಡುವೆ ಎಷ್ಟು ಕಾಲ ಸರಿಯಿತು ಎಂದೆಲ್ಲ ಕೇಳಬೇಕು. ಮಗಳು ಇದನ್ನು ಓದಿ ಹೇಳಿದಾಗ ನಾನು ಎದ್ದು ಕಪಾಟಿನಿಂದ ಸಾಂಖ್ಯಕಾರಿಕೆಯನ್ನು ತೆಗೆದುತಂದೆ. ಇದ್ದ ವಸ್ತುವೂ ಏಕೆ ಕಾಣದೆ ಹೋಗುತ್ತದೆಂಬುದಕ್ಕೆ ಈಶ್ವರಕೃಷ್ಣನು ಅಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅತಿ ದೂರ, ಅತಿ ಸಾಮೀಪ್ಯ, ಇಂದ್ರಿಯದ ಊನ, ಮನಸ್ಸು ನೆಲೆಯಲ್ಲಿಲ್ಲದಿರುವುದು, ಸೂಕ್ಷ್ಮತೆ, ನಡುವಣ ಅಡ್ಡಿ, ಪ್ರಬಲವಾದುದು ದುರ್ಬಲವನ್ನು ನುಂಗುವುದು, ಮತ್ತು ಸಮಾನವಾದವುಗಳೊಡನೆ ಬೆರೆತುಹೋಗುವುದು. ಟರ್ನ್‌ಬುಲ್ಲಿನ ನ್ಯಾಯಾಧೀಶರು ಸಾಂಖ್ಯ ಓದಿದ್ದರೆಂದು ಹೇಳುವ ಹುಂಬತನ ನನಗಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎನ್ನುವವರ ಸಾಲಿನಲ್ಲಿ ನಾನು ನಿಲ್ಲುವವನೂ ಅಲ್ಲ. ಕಣ್ಣಿನ ಸೋಲುಗಳನ್ನು ಪ್ರಾಮಾಣಿಕವಾಗಿ ಎಣಿಸಲು ಕುಳಿತವರು ಎಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಪಟ್ಟಿಯನ್ನು ಬರೆಯುತ್ತಾರೆ, ಅಷ್ಟೆ. ಆ ಎಂಟರಲ್ಲಿ ಬೆಕ್‌ನನ್ನು ಕೆಡಿಸಿದ್ದು ಎಂಟನೆಯದು. ಶಾನ್ ಎಮರಿಯನ್ನು ಕೆಡಿಸಿದ್ದು ಆರನೆಯದು, ಆ ಬಸ್ಸು.

ಕ್ಯಾಮೆರಾಗಳು ತುಂಬಿದ ಕಾಲದಲ್ಲಿ ಇಂಥದು ನಡೆಯದೆಂದು ಭಾವಿಸುವವರಿಗೆ ಜಾನ್ ಚಾರ್ಲ್ಸ್ ದೆ ಮೆನೆಜಿಸ್‌ನ ಕಥೆ ಉತ್ತರವಾಗಿದೆ. ಅವನು ಬ್ರೆಜಿಲ್ ದೇಶದಿಂದ ಬಂದ ವಿದ್ಯುತ್ ಕೆಲಸಗಾರ, ವಯಸ್ಸು 27. 2005ರ ಜುಲೈ 21ರಂದು ಲಂಡನ್ನಿನ ರೈಲುಗಳಲ್ಲಿ ಬಾಂಬು ಸಿಡಿಸುವ ಯತ್ನ ವಿಫಲವಾಗಿತ್ತು. ಸಂಶಯಿತನೊಬ್ಬನ ವಿಳಾಸ ಪೊಲೀಸರಿಗೆ ಸಿಕ್ಕಿತ್ತು. ಅದೇ ವಸತಿ ಕಟ್ಟಡದಲ್ಲಿ ಮೆನೆಜಿಸ್‌ನೂ ವಾಸವಾಗಿದ್ದನು. ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆಂದು ಹೊರಟಾಗ, ಹೊರಬರುವವರ ಚಿತ್ರ ತೆಗೆಯಬೇಕಿದ್ದ ಕಾವಲಿನವನು ಅದೇ ಗಳಿಗೆಯಲ್ಲಿ ಮೂತ್ರ ವಿಸರ್ಜನೆಗೆ ಹೋಗಿದ್ದನಂತೆ, ಚಿತ್ರ ತೆಗೆಯಲಾಗಲಿಲ್ಲ. ‘ಇವನೇ ಇರಬಹುದು’ ಎಂಬುದು ರೇಡಿಯೋದಲ್ಲಿ ಬಾಯಿಂದ ಬಾಯಿಗೆ ಹೋಗುತ್ತ ‘ಇವನೇ’ ಆಯಿತು. ಸ್ಟಾಕ್‌ವೆಲ್ ನಿಲ್ದಾಣದ ರೈಲಿನೊಳಗೆ ಅವನನ್ನು ಗುಂಡಿಕ್ಕಿ ಕೊಂದರು. 2007ರಲ್ಲಿ ಲಂಡನ್ ಪೊಲೀಸ್ ಇಲಾಖೆಗೆ ಸುರಕ್ಷತೆಯ ಕಾಯಿದೆಯ ಕೆಳಗೆ 1,75,000 ಪೌಂಡು ದಂಡ ಬಿತ್ತು. ಒಬ್ಬ ವ್ಯಕ್ತಿಯ ಮೇಲೂ ಕೊಲೆಯ ಮೊಕದ್ದಮೆ ನಡೆಯಲಿಲ್ಲ. ‘ಇರಬಹುದು’ ಎಂಬ ಐದಕ್ಷರ ಉದುರಿಹೋಗಿದ್ದರ ಬೆಲೆ ಅದು.

ಮತ್ತೆ ಧಾರಾವಾಹಿಗೆ ಬರೋಣ. ಬಸ್ಸಿನ ಮರೆಯಲ್ಲಿ ಚಿತ್ರವನ್ನು ಬದಲಿಸಿದ ವಿದ್ಯೆಗೆ ಅಲ್ಲಿಯ ಗುಪ್ತಚರರು ಇಟ್ಟ ಹೆಸರು ‘ಕರೆಕ್ಷನ್’, ಅಂದರೆ ತಿದ್ದುಪಡಿ. ಈ ಹೆಸರಿನಲ್ಲೇ ಇಡೀ ಕಥೆಯ ವಿಷವಿದೆ. ಬ್ರಿಟನ್ನಿನ ಕಾನೂನಿನ ಪ್ರಕಾರ ಕದ್ದಾಲಿಸಿದ ದೂರವಾಣಿಯ ಮಾತುಗಳನ್ನು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡುವಂತಿಲ್ಲ. ಇದು ಕಲ್ಪನೆಯಲ್ಲ, ಅಲ್ಲಿಯ ನಿಜವಾದ ನಿಯಮ. ಆದುದರಿಂದ ಒಬ್ಬನು ಭಯೋತ್ಪಾದಕನೆಂದು ಗುಪ್ತಚರರಿಗೆ ತಿಳಿದಿರುತ್ತದೆ, ಆದರೆ ರುಜುಪಡಿಸಲಾಗುವುದಿಲ್ಲ. ಕಥೆಯ ಗುಪ್ತಚರರು ಇಲ್ಲೊಂದು ಉಪಾಯ ಮಾಡುತ್ತಾರೆ. ತಮಗೆ ಗೊತ್ತಿರುವ ಸತ್ಯವನ್ನು, ಕ್ಯಾಮೆರಾ ಕಂಡಂತೆ, ಮರುಸೃಷ್ಟಿ ಮಾಡಿ ನ್ಯಾಯಾಲಯಕ್ಕೆ ಕೊಡುತ್ತಾರೆ. ನಾವು ಸುಳ್ಳನ್ನು ಹುಟ್ಟಿಸುತ್ತಿಲ್ಲ, ಇದ್ದುದನ್ನು ಕಾಣಿಸುತ್ತಿದ್ದೇವೆ ಎಂಬುದು ಅವರ ಸಮರ್ಥನೆ. ಜೆಮ್ಮಾ ಗಾರ್ಲೆಂಡ್ ಎಂಬ ಹಿರಿಯ ಅಧಿಕಾರಿಣಿ ಇದನ್ನು ಮಂಡಿಸುವಾಗ ಅವಳ ದನಿಯಲ್ಲಿ ಕಿಂಚಿತ್ತೂ ಪಾಪಭೀತಿಯಿಲ್ಲ. ನಿಜ ಹೇಳಬೇಕೆಂದರೆ ಆ ವಾದವನ್ನು ಥಟ್ಟನೆ ಮುರಿಯಲು ನನ್ನ ಮಗಳಿಗೂ ಆಗಲಿಲ್ಲ. ಬಾಂಬಿಟ್ಟು ನೂರು ಜನರನ್ನು ಕೊಲ್ಲಲಿರುವವನು ಒಂದು ನಿಯಮದ ಸಂದಿಯಲ್ಲಿ ನುಸುಳಿಹೋಗಲಿ ಎನ್ನುವುದೇ ನ್ಯಾಯವೇ ಎಂದು ಅವಳೇ ಕೇಳಿದಳು. ನಾನು ಹೇಳಿದ್ದಿಷ್ಟು: ತನಗೆ ಗೊತ್ತಿದೆ ಎಂಬುದು ಯಾರಿಗೆ ಗೊತ್ತು? ಜ್ಞಾನಕ್ಕೂ ಪ್ರಮಾಣಕ್ಕೂ ನಡುವಣ ಹಾದಿಯನ್ನು ಮುಚ್ಚಿಬಿಟ್ಟರೆ ಜ್ಞಾನಿಗೂ ಭ್ರಾಂತನಿಗೂ ಹೊರಗಿನಿಂದ ಯಾವ ಭೇದವೂ ಉಳಿಯುವುದಿಲ್ಲ. ಹಗ್ಗವನ್ನು ಹಾವೆಂದು ತಿಳಿದವನಿಗೂ ತನ್ನ ತಿಳಿವು ಖಚಿತವೇ. ಅವನು ನಡುಗುವುದು ನಟನೆಯಲ್ಲ.

ಕಥೆಗಾರನ ಜಾಣ್ಮೆ ಇದಕ್ಕಿಂತಲೂ ಮುಂದೆ ಹೋಗಿದೆ. ಶಾನ್‌ನನ್ನು ಬಲೆಗೆ ಕೆಡವಿದವರು ಈ ಗುಪ್ತಚರರಲ್ಲ. ಈ ತಿದ್ದುಪಡಿಯ ಅನ್ಯಾಯವನ್ನು ಲೋಕಕ್ಕೆ ಸಾರಬೇಕೆಂದು ಹೊರಟ ಸಜ್ಜನರು! ಕಾಣೆಯಾದ ವಕೀಲೆ ಹನ್ನಾ ಕೂಡ ಅವರಲ್ಲೊಬ್ಬಳು. ಮೇಲ್ಮನವಿಯಲ್ಲಿ ಶಾನ್‌ನನ್ನು ಬಿಡಿಸಿದ ಚಿತ್ರತಜ್ಞನೂ ಅವರಲ್ಲೊಬ್ಬ. ಒಬ್ಬ ಪ್ರಸಿದ್ಧ ಆರೋಪಿಯ ಮೇಲೆ ಸುಳ್ಳುಚಿತ್ರವೊಂದನ್ನು ತಾವೇ ಸೃಷ್ಟಿಸಿ, ಎಲ್ಲರೂ ಅದನ್ನು ನಂಬಿದ ಮೇಲೆ ಇದು ಸುಳ್ಳೆಂದು ತೋರಿಸಿಕೊಟ್ಟರೆ ಸರಕಾರದ ಕಣ್ಣು ತೆರೆಯುತ್ತದೆಂಬುದು ಅವರ ಹಂಚಿಕೆ. ಆದರೆ ಹಂಚಿಕೆ ಅವರ ಕೈಮೀರುತ್ತದೆ. ಹನ್ನಾ ನಿಜವಾಗಿಯೇ ಶವವಾಗಿ ಸಿಗುತ್ತಾಳೆ. ಒಂದು ಸುಳ್ಳನ್ನು ಬಯಲಿಗೆಳೆಯಲು ಇನ್ನೊಂದು ಸುಳ್ಳನ್ನು ಕಟ್ಟಿದವರು, ತಮ್ಮಲ್ಲಿಯೇ ಒಬ್ಬಳನ್ನು ಕಳೆದುಕೊಂಡು, ಒಬ್ಬ ತರುಣನ ಬಾಳನ್ನು ಹಾಳುಮಾಡಿ ನಿಲ್ಲುತ್ತಾರೆ. ಅಪರಾಧ ಕಥೆಗಳಲ್ಲಿ ದುಷ್ಟರು ಹೂಡಿದ ಸಂಚನ್ನು ಬಹಳ ಕಂಡಿದ್ದೇವೆ. ಸಾಧುಗಳು ಹೂಡಿದ ಸಂಚನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ. ಆ ತರುಣನ ಪುಟ್ಟ ಮಗಳು ಅವರ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಕೊನೆಗೆ ಶಾನ್ ತಾನು ಮಾಡದ ಕೊಲೆಯನ್ನು ಒಪ್ಪಿಕೊಳ್ಳುತ್ತಾನೆ. ಏಕೆಂದರೆ ಅವನು ಕ್ಯಾರಿಗೆ ಒಂದು ಮಾತು ಹೇಳುತ್ತಾನೆ: ಯಾವ ಕೃತ್ಯದಿಂದ ತನಗೆ ಬಿಡುಗಡೆಯಾಯಿತೋ, ಹೆಲ್ಮಂಡಿನ ಆ ಕೊಲೆಯನ್ನು ತಾನು ಮಾಡಿದ್ದೇನೆ. ಹೀಗೆ ನಿಜವಾದ ಚಿತ್ರವು ಅವನನ್ನು ಬಿಡಿಸಿತು, ಸುಳ್ಳು ಚಿತ್ರವು ಅವನನ್ನು ಕಟ್ಟಿಹಾಕಿತು. ಇದನ್ನು ಕರ್ಮಸಿದ್ಧಾಂತದ ನಿದರ್ಶನವೆಂದು ಕೆಲವರು ತಲೆದೂಗಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಅಪರಾಧಕ್ಕೆ ಇನ್ನೊಂದರ ಶಿಕ್ಷೆ ಅನುಭವಿಸುವುದು ನ್ಯಾಯವಲ್ಲ, ಲೆಕ್ಕದ ಪುಸ್ತಕದಲ್ಲಿ ಒಬ್ಬನ ಸಾಲವನ್ನು ಇನ್ನೊಬ್ಬನ ಹೆಸರಿಗೆ ಬರೆದು ಮೊತ್ತ ಸರಿಹೋಯಿತೆಂದಂತೆ. ಹೆಲ್ಮಂಡಿನಲ್ಲಿ ಸತ್ತವನ ಮನೆಯವರಿಗೆ ಇದರಿಂದ ಏನು ಬಂತು? ಹನ್ನಾಳನ್ನು ನಿಜವಾಗಿ ಕೊಂದವರು ಯಾವ ಋಣ ತೀರಿಸಿದರು? ಕ್ಯಾರಿಯಾದರೋ, ತನಗೆ ಹೆಸರು ತಂದ ಹಿಂದಿನ ಮೊಕದ್ದಮೆಯೇ ಇಂಥ ತಿದ್ದುಪಡಿಯ ಮೇಲೆ ನಿಂತಿದೆಯೆಂದು ತಿಳಿದ ಮೇಲೆ, ಸರಣಿಯ ಕಡೆಯಲ್ಲಿ ಗಾರ್ಲೆಂಡಳ ಬಳಿಗೆ ಹೋಗಿ ನಿಮ್ಮೊಡನೆ ಸೇರುತ್ತೇನೆ ಎನ್ನುತ್ತಾಳೆ. ಒಳಗಿದ್ದು ಮುರಿಯುವುದಕ್ಕೋ, ಸೋತು ಒಪ್ಪಿದ್ದಕ್ಕೋ? ಈ ವಿಷಯದಲ್ಲಿ ತಂದೆ ಮಗಳಿಗೆ ಇನ್ನೂ ಜಗಳ ತೀರಿಲ್ಲ.

2022ರ ಎರಡನೆಯ ಸರಣಿಯಲ್ಲಿ ಮಂತ್ರಿಯೊಬ್ಬನು ದೂರದರ್ಶನದ ನೇರ ಸಂದರ್ಶನದಲ್ಲಿ ಕುಳಿತಿರುವಾಗ ಅವನ ಬದಲಿಗೆ ಅವನದೇ ಕೃತಕ ಬಿಂಬವು ಅವನಾಡದ ಮಾತುಗಳನ್ನು ಆಡುತ್ತದೆ. ಕಥೆಯಾಗಿ ಅದು ಮೊದಲನೆಯದರಷ್ಟು ಬಿಗಿಯಾಗಿಲ್ಲ. ಆದರೆ ಈಗ ಅದನ್ನು ಕಲ್ಪನೆಯೆಂದು ಯಾರೂ ನಗುವುದಿಲ್ಲ. ‘ಡೀಪ್‌ಫೇಕ್’ ಎಂಬ ಹೆಸರು ಹುಟ್ಟಿದ್ದು 2017ರಲ್ಲಿ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣನವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ಚಿತ್ರಕ್ಕೆ ಅಂಟಿಸಿ ಹರಡಿದರು. ಆಕೆ ಪ್ರಸಿದ್ಧಳಾದುದರಿಂದ ದೇಶವೇ ಮಾತನಾಡಿತು, ಮರುವರ್ಷದ ಜನವರಿಯಲ್ಲಿ ದಿಲ್ಲಿ ಪೊಲೀಸರು ಒಬ್ಬನನ್ನು ಬಂಧಿಸಿದರು. ಹೆಸರಿಲ್ಲದ ಹೆಣ್ಣುಮಕ್ಕಳಿಗೆ ಈ ರಕ್ಷಣೆ ಎಲ್ಲಿ? ಇದರ ಇನ್ನೊಂದು ಮಗ್ಗುಲೂ ಇದೆ. ಮುಂದೆ ನಿಜವಾದ ಕಳ್ಳನೂ ತನ್ನ ಚಿತ್ರವನ್ನು ಕಂಡು ‘ಇದು ನಾನಲ್ಲ, ಯಂತ್ರ ಮಾಡಿದ್ದು’ ಎನ್ನಬಹುದು. ಬೆಳ್ಳಿಯಂತೆ ಹೊಳೆಯುವ ಶುಕ್ತಿಯನ್ನು ಒಮ್ಮೆ ಕಂಡು ಮೋಸಹೋದವನು ಆಮೇಲೆ ನಿಜವಾದ ಬೆಳ್ಳಿಯನ್ನೂ ಎತ್ತಿಕೊಳ್ಳದೆ ಹೋಗುತ್ತಾನಲ್ಲ, ಹಾಗೆ.

ನಮ್ಮ ಕಾನೂನು ಈ ಬಗ್ಗೆ ಕಣ್ಣು ಮುಚ್ಚಿ ಕುಳಿತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 65-ಬಿ ಕಲಮಿನ ಪ್ರಮಾಣಪತ್ರವಿಲ್ಲದೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಒಪ್ಪಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿಯೂ ಮತ್ತೆ 2020ರಲ್ಲಿಯೂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅದನ್ನೇ ಮುಂದುವರಿಸಿ, ದಾಖಲೆಯ ‘ಹ್ಯಾಶ್’ ಸಂಖ್ಯೆಯನ್ನೂ ಬರೆಯಬೇಕೆನ್ನುತ್ತದೆ. ದಾಖಲೆಯಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆಂದು ಮಗಳು ವಿವರಿಸಿದಳು. ಆದರೆ ನಕಲನ್ನು ತೆಗೆದ ಮೇಲೆ ಯಾರೂ ಮುಟ್ಟಲಿಲ್ಲವೆಂದು ಮಾತ್ರ ಅದು ಹೇಳಬಲ್ಲದು. ಚಿತ್ರದಲ್ಲಿರುವವನು ಯಾರು ಎಂಬುದಕ್ಕೆ ಯಾವ ಸಂಖ್ಯೆಯೂ ಇಲ್ಲ.

ಅವಳು ಈ ಧಾರಾವಾಹಿಯನ್ನು ನನಗೆ ತೋರಿಸಲು ಕಾರಣವಾದ ಮೊಕದ್ದಮೆಯ ಮಾತನ್ನು ಹೇಳಿ ಮುಗಿಸುತ್ತೇನೆ. ಊರಿನ, ಠಾಣೆಯ ಹೆಸರುಗಳು ಬೇಡ. ಒಂದು ಅಂಗಡಿಯಲ್ಲಿ ರಾತ್ರಿ ಕಳ್ಳತನವಾಯಿತು. ಎದುರಿನ ಮಳಿಗೆಯ ಕ್ಯಾಮೆರಾದಲ್ಲಿ ಒಬ್ಬನು ಬಾಗಿಲ ಬಳಿಯಿಂದ ನಡೆದುಹೋಗುವುದು ಕಾಣುತ್ತದೆ. ಅದರ ಆಧಾರದ ಮೇಲೆ ಲಗೇಜ್ ಆಟೋ ಓಡಿಸುವ 22 ವರ್ಷದ ಹುಡುಗನನ್ನು ಹಿಡಿದರು. ಮಾಲೇನೂ ಸಿಗಲಿಲ್ಲ. ಆ ಚಿತ್ರವಾದರೂ ಎಂಥದು? ಮಳಿಗೆಯವನ ಪರದೆಯ ಮುಂದೆ ಯಾರೋ ಮೊಬೈಲ್ ಹಿಡಿದು ತೆಗೆದ ಚಿತ್ರ, ನಕಲಿನ ನಕಲು. ಮೂಲವನ್ನು ಕೊಡಿರೆಂದು ಮಗಳು ಅರ್ಜಿ ಹಾಕುವ ಹೊತ್ತಿಗೆ ಮಳಿಗೆಯ ಯಂತ್ರವು ಹಳೆಯದರ ಮೇಲೆ ಹೊಸ ಚಿತ್ರಗಳನ್ನು ಬರೆದುಕೊಂಡುಬಿಟ್ಟಿತ್ತು. ಅವು ಹದಿನೈದಿಪ್ಪತ್ತು ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲವಂತೆ. ಠಾಣೆಗಳೊಳಗಿನ ಕ್ಯಾಮೆರಾದ ಚಿತ್ರಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಕಾಯ್ದಿಡಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶ ಮಾಡಿದೆ. ಬೀದಿಬದಿಯ ಮಳಿಗೆಯವನಿಗೆ ಆ ಆದೇಶ ಅನ್ವಯಿಸುವುದಿಲ್ಲ.

ಹುಡುಗನ ತಾಯಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಣ್ಣುಮಗಳು. ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ಮಗಳು ಆಕೆಗೆ ಆ ಚಿತ್ರವನ್ನು ತೋರಿಸಿದಳು. ಆಕೆ ಮೊದಲ ಸಲ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು. ಎರಡನೆಯ ಸಲ ಹತ್ತಿರ ಬಂದು, ಮುಖವನ್ನು ಬಿಟ್ಟು ಕಾಲುಗಳನ್ನು ನೋಡಿದಳು. “ಇಂವ ನನ್ನ ಮಗ ಅಲ್ಲರೀ ಅಕ್ಕಾರ. ನನ್ನ ಮಗ ಹಿಂಗ ಕೈ ಬೀಸಿ ನಡಿಯಂಗಿಲ್ಲ” ಎಂದಳು. ಮುಖ ಹೇಗೂ ಕಾಣುತ್ತಿರಲಿಲ್ಲ, ಬರಿಯ ಮಸುಕು. ಪೊಲೀಸರು ಮಸುಕಿನಲ್ಲಿ ಮುಖವನ್ನು ಕಂಡರು, ಈಕೆ ನಡಿಗೆಯನ್ನು ಕಂಡಳು. ಆ ಕೋಣೆಯಲ್ಲಿದ್ದ ನಮ್ಮೆಲ್ಲರಲ್ಲಿ ‘ಅವನು’ ಎಂಬುದನ್ನು 22 ವರ್ಷ ಕಂಡವಳು ಆಕೆಯೊಬ್ಬಳೇ. ಆದರೆ ತಾಯಿ ಮಗನ ಪರ ಹೇಳುವ ಮಾತು ಹಿತಾಸಕ್ತಿಯ ಸಾಕ್ಷ್ಯವಾಗುತ್ತದೆ, ಅದಕ್ಕೆ ತೂಕ ಕಡಿಮೆ ಎಂದು ಮಗಳು ನನಗೆ ಆಮೇಲೆ ಹೇಳಿದಳು. ಆಕೆಯ ಮುಂದೆ ಹೇಳಲಿಲ್ಲ.

ಮಳಿಗೆಯ ಯಂತ್ರದ ಡಿಸ್ಕಿನಿಂದ ಅಳಿಸಿಹೋದುದನ್ನು ಹಿಂದಕ್ಕೆ ತೆಗೆಯಲಾದೀತೇ ಎಂದು ಪ್ರಯೋಗಾಲಯಕ್ಕೆ ಕಳುಹಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ. ಮುಂದಿನ ತಾರೀಖು ಈ ತಿಂಗಳ ಕೊನೆಗಿದೆ. ಹುಡುಗನು ಜಾಮೀನಿನ ಮೇಲೆ ಹೊರಗಿದ್ದಾನೆ. ಬಾಡಿಗೆಗೆ ಯಾರೂ ಕರೆಯದುದರಿಂದ ಆಟೋ ಮನೆಯ ಮುಂದೆ ನಿಂತಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ತಾಯಿಯ ರೊಟ್ಟಿಬುಟ್ಟಿಯನ್ನು ಹೊತ್ತು ಖಾನಾವಳಿಗಳಿಗೆ ಮುಟ್ಟಿಸಿ ಬರುತ್ತಾನೆ.